ಬಾಗಿಲೇರಿದ ಕಾರ್ಯಾಗಾರ

ನವೆಂಬರ್ ಒಂಬತ್ತು, ಭಾನುವಾರ. ಬೆಳಗಿನ ಜಾವ ತುಂತುರು ಮಳೆ. ತಿಂಡಿಯ ಹೊತ್ತಿಗೆ ನಿಂತಿತು. ಬಿಸಿಲು ಹೆಸರಿಗೆ ಬಂದುಹೋಯಿತು. ಗಾಳಿ ಮಾತ್ರ ದಿನವಿಡೀ ಬಿಡದೆ ಬೀಸಿತು. ಗಾಳಿಯ ವಿಷಯವನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಸಂಜೆಯ ಹೊತ್ತಿಗೆ ಅದಕ್ಕೂ ಇಲ್ಲೊಂದು ಕೆಲಸವಿದೆ.

ಅಂದು ತಿಂಡಿಯ ಮೇಜಿನ ಮುಂದೆ ಕಾಲೇಜಿನ ಗ್ರಂಥಪಾಲಕರು ಚಹಾದ ಲೋಟವನ್ನು ಕೆಳಗಿಟ್ಟು, ರಾಜಶಾಸನ ಹೊರಡಿಸುವವರ ಗಾಂಭೀರ್ಯದಿಂದ ಘೋಷಿಸಿದರು: "ಇವತ್ತು ಸಂಜೆಯೊಳಗೆ ಹಿಂದಿನ ಕೋಣೇಲಿ ಕಣ್ಣು ಮುಚ್ಚಿ ಕೈ ಚಾಚಿದ್ರೂ ಬೇಕಾದ ಸಾಮಾನು ಸಿಗೋ ಹಾಗೆ ಮಾಡ್ತೀನಿ."

"ಈಗಲೂ ಸಿಗುತ್ತಲ್ಲ ರೀ," ಎಂದರು ಅವರ ಮಡದಿ. "ಕಣ್ಣು ಮುಚ್ಚಿ ಒಳಗೆ ಹೋದ್ರೆ ಕಾಲಿಗೆ ಸಿಗುತ್ತೆ."

ಹಿಂದಿನ ಕೋಣೆಯನ್ನು ಗ್ರಂಥಪಾಲಕರು 'ಕಾರ್ಯಾಗಾರ' ಎಂದು ಕರೆಯುತ್ತಿದ್ದರು. ಮನೆಯ ಉಳಿದವರು 'ಆ ಕೋಣೆ' ಎನ್ನುತ್ತಿದ್ದರು. ಮರಗೆಲಸ ಅವರ ಹವ್ಯಾಸ. ಅಲ್ಲಿ ತಯಾರಾದ ಸ್ಟೂಲೊಂದರ ಮೂರು ಕಾಲುಗಳು ಒಮ್ಮತಕ್ಕೆ ಬಂದು ಬಹಳ ಕಾಲವಾಗಿತ್ತು. ನಾಲ್ಕನೆಯದು ಇನ್ನೂ ತನ್ನ ಭಿನ್ನಾಭಿಪ್ರಾಯವನ್ನು ಬಿಟ್ಟುಕೊಟ್ಟಿರಲಿಲ್ಲ. ಗ್ರಂಥಾಲಯದ ಸಾವಿರಾರು ಪುಸ್ತಕಗಳ ನಡುವಿನಿಂದ ಕೇಳಿದ ಪುಸ್ತಕವನ್ನು ಮಾತಾಡುತ್ತಲೇ ತೆಗೆದುಕೊಡಬಲ್ಲ ಈ ಮನುಷ್ಯ, ತಮ್ಮದೇ ಕೋಣೆಯಲ್ಲಿ ಸುತ್ತಿಗೆಗಾಗಿ ಮಂಡಿಯೂರಿ ಹುಡುಕುತ್ತಿದ್ದರು. ಸುತ್ತಿಗೆ ಸಿಕ್ಕಾಗ ಮೊಳೆ ಕಾಣೆಯಾಗಿರುತ್ತಿತ್ತು. ಮೊಳೆ ಸಿಗುವ ಹೊತ್ತಿಗೆ ಹೊಡೆಯುವ ಹುಮ್ಮಸ್ಸು ಇಳಿದಿರುತ್ತಿತ್ತು.

ಈ ಭಾನುವಾರವೇ ಶಾಸನ ಹೊರಬೀಳಲು ಕಾರಣವಿತ್ತು. ಮಡದಿ ಹಜಾರದಲ್ಲಿ ಹೊಲಿಗೆ ತರಗತಿ ನಡೆಸುತ್ತಿದ್ದರು. ಯಂತ್ರ ಒಂದಿದ್ದದ್ದು ನಾಲ್ಕಾಗಿ, ಬಂದ ನೆಂಟರು ಎರಡು ಯಂತ್ರಗಳ ನಡುವೆ ಕೈಕಾಲು ಮಡಚಿ ಕೂರುವ ಪರಿಸ್ಥಿತಿ ಒದಗಿತ್ತು. ಆ ಕೋಣೆಯನ್ನು ತರಗತಿಗೆ ಬಿಟ್ಟುಕೊಡಿ ಎಂದು ಅವರು ಕೇಳುತ್ತಲೇ ಇದ್ದರು. ಗ್ರಂಥಪಾಲಕರು 'ನೋಡೋಣ' ಎಂಬ ಒಂದೇ ಪದದ ಬಲದಿಂದ ಗಡಿ ಕಾಯುತ್ತಿದ್ದರು. ಆದರೆ ಹಿಂದಿನ ದಿನ, ಸೋರುವ ನಲ್ಲಿಗೆ ಸ್ಪ್ಯಾನರ್ ತರುತ್ತೇನೆಂದು ಒಳಗೆ ಹೋದವರು ಊಟದ ಹೊತ್ತಾದರೂ ಹೊರಗೆ ಬರಲಿಲ್ಲ. ಬಂದಾಗ ಅವರ ಕೈಯಲ್ಲಿ ಸ್ಪ್ಯಾನರ್ ಬದಲು ಮಗಳ ಪ್ರಾಥಮಿಕ ಶಾಲೆಯ ಕಂಪಾಸು ಪೆಟ್ಟಿಗೆಯಿತ್ತು. ಅಲ್ಲಿಗೆ 'ನೋಡೋಣ'ದ ಆಯುಸ್ಸು ಮುಗಿಯಿತು.

ಒಪ್ಪಂದವನ್ನು ರೂಪಿಸಿದವರು ಮಡದಿಯೇ. ಸಂಜೆ ಒಲೆಯ ಮೇಲೆ ಹಾಲಿಟ್ಟು ಒಂದು ಸಾಮಾನಿನ ಹೆಸರು ಹೇಳುತ್ತಾರೆ. ಹಜಾರದ ಕುರ್ಚಿಯಲ್ಲಿ ಕುಳಿತ ಪತಿ ಎದ್ದುಹೋಗಿ, ಹಾಲು ಉಕ್ಕುವುದರೊಳಗೆ ಅದನ್ನು ತಂದುಕೊಟ್ಟರೆ ಕಾರ್ಯಾಗಾರ ಅವರದು. ಹಾಲು ಮೊದಲು ಉಕ್ಕಿದರೆ ಕೋಣೆ ಹೊಲಿಗೆಯ ಪಾಲು. ಉಪಕರಣಗಳು ಗೋಣಿಚೀಲ ಸೇರಿ ಅಟ್ಟ ಹತ್ತುತ್ತವೆ. ಕಾಲೇಜಿಗೆ ಹೋಗುವ ಮಗಳು ತೀರ್ಪುಗಾರ್ತಿ. ಅವಳು ಅಪ್ಪನಿಗೆ ಶುಭ ಕೋರುವ ಮೊದಲು ಅಟ್ಟದ ಏಣಿ ಗಟ್ಟಿಯಾಗಿದೆಯೇ ಎಂದು ನೋಡಿಬಂದಳು.

ಕೆಲಸ ಶುರುವಾಯಿತು. ಇಡೀ ಕೋಣೆ ಅಂಗಳಕ್ಕೆ ಬಂದು ಬಿತ್ತು. ಕಾಣೆಯಾದಾಗಲೆಲ್ಲ ಒಂದೊಂದು ಹೊಸದು ಕೊಂಡಿದ್ದರಿಂದ ಅಳತೆಯ ಟೇಪು ಐದು ಸಿಕ್ಕವು. ಯಾವ ಬೀಗಕ್ಕೂ ಸಂಬಂಧವಿಲ್ಲದ ಬೀಗದಕೈಗಳ ಡಬ್ಬಿ ಸಿಕ್ಕಿತು. ರೇಡಿಯೋದ ಹಿಂಬದಿಯ ಮುಚ್ಚಳ ಸಿಕ್ಕಿತು, ರೇಡಿಯೋ ಸಿಗಲಿಲ್ಲ. ಮಡದಿಯ ಕತ್ತರಿಗಳು ಸಿಕ್ಕಾಗ ಗ್ರಂಥಪಾಲಕರು ಅವನ್ನು ಸದ್ದಿಲ್ಲದೆ ಹಜಾರಕ್ಕೆ ಸಾಗಿಸಿದರು. ಸದ್ದು ಹಜಾರದಲ್ಲಿ ಆಯಿತು.

ಗುಜರಿಯವನ ಗಾಡಿ ಬಂದು, ಭಾರವಾಗಿ ಹೋಯಿತು. ಮರದ ತುಂಡುಗಳು ಕಟ್ಟಾಗಿ ಅಟ್ಟಕ್ಕೇರಿದವು. ಉಳಿದ ಉಪಕರಣಗಳನ್ನು ಗ್ರಂಥಪಾಲಕರು ಕಸುಬಿಗೆ ತಕ್ಕಂತೆ ವರ್ಗೀಕರಿಸಿದರು: ಕೊಯ್ಯುವವು, ಹೊಡೆಯುವವು, ಹಿಡಿಯುವವು, ಅಳೆಯುವವು. ಡ್ರಿಲ್ ಯಂತ್ರವನ್ನು ಮಾತ್ರ ಆಕರ ಗ್ರಂಥವೆಂದು ಪರಿಗಣಿಸಿ, ಯಾರಿಗೂ ಎರವಲು ಕೊಡತಕ್ಕದ್ದಲ್ಲ ಎಂದು ತೀರ್ಮಾನಿಸಿದರು.

ತೊಡಕು ಎದುರಾದದ್ದು ಗೋಡೆಯಿಂದ. ಹಳೆಯ ಗಾರೆ; ಹೊಡೆದ ಮೊಳೆಯನ್ನೆಲ್ಲ ಉಗುಳಿಬಿಟ್ಟಿತು. ಗ್ರಂಥಪಾಲಕರು ಸೊಂಟದ ಮೇಲೆ ಕೈಯಿಟ್ಟು ಸುತ್ತಲೂ ದೃಷ್ಟಿ ಹಾಯಿಸಿದರು. ಆಗ ಅವರ ಕಣ್ಣು ಕೋಣೆಯ ಬಾಗಿಲ ಮೇಲೆ ನಿಂತಿತು. ದಪ್ಪ ಮರದ, ಗಟ್ಟಿಮುಟ್ಟಾದ ಬಾಗಿಲು. ಇಂಥ ಹೊಳಹುಗಳು ಮಹಾಪುರುಷರಿಗೂ ಆಯುಷ್ಯದಲ್ಲಿ ಒಮ್ಮೊಮ್ಮೆ ಮಾತ್ರ ಹೊಳೆಯುತ್ತವೆ. ಕೆಲಸದ ಮೇಜನ್ನು ಬಿಚ್ಚಿ, ಅದರ ಮೇಲ್ಹಲಗೆಯನ್ನು ಬಾಗಿಲ ಒಳಮೈಗೆ ಜಡಿದು, ಸಾಲುಸಾಲಾಗಿ ಕೊಕ್ಕೆ ಹಾಕಿದರು. ಪ್ರತಿಯೊಂದು ಉಪಕರಣವನ್ನೂ ಹಲಗೆಗೆ ಒತ್ತಿಹಿಡಿದು ಅದರ ಅಂಚಿನ ಸುತ್ತ ಹಳದಿ ಬಣ್ಣದಿಂದ ಗೆರೆ ಎಳೆದರು. ಯಾವುದು ಜಾಗ ಬಿಟ್ಟರೂ ಅದರ ಖಾಲಿ ಆಕಾರವೇ ಚಾಡಿ ಹೇಳಬೇಕು.

ಮಡದಿ ಬಂದು ನೋಡಿದರು. "ಅಂದ್ರೆ, ಸುತ್ತಿಗೆ ಬೇಕಂದ್ರೆ ಒಳಗೆ ಹೋಗಿ ಬಾಗಿಲು ಹಾಕ್ಕೋಬೇಕು."

"ಪುಸ್ತಕ ಬೇಕಂದ್ರೂ ಗ್ರಂಥಾಲಯದ ಒಳಗೇ ಹೋಗ್ಬೇಕು," ಎಂದರು ಗ್ರಂಥಪಾಲಕರು.

ಮಡದಿ ಕೋಣೆಯ ನಡುವೆ ಬಂದು ನಿಂತರು. ಬಾಗಿಲನ್ನು ನೋಡಿದರು, ಮೇಜೂ ಇಲ್ಲದೆ ಗುಡಿಸಿ ಬಿಟ್ಟ ನೆಲವನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ನೋಡಿದರು. ಏನನ್ನೋ ಕಣ್ಣಲ್ಲೇ ಅಳೆಯುವಂತಿತ್ತು ಆ ನೋಟ. ಪತಿ ಅದನ್ನು ಮೆಚ್ಚುಗೆಯೆಂದೇ ತಿಳಿದರು.

ಹಲಗೆಯ ಮೇಲೆ ಒಂದು ಜಾಗ ಮಾತ್ರ ಭಣಗುಟ್ಟುತ್ತಿತ್ತು. ಅದು ಕೆಂಪು ಹಿಡಿಯ ಸ್ಕ್ರೂಡ್ರೈವರಿನ ಜಾಗ. ಮನೆಯಲ್ಲಿದ್ದ ಒಂದೇ ಸ್ಕ್ರೂಡ್ರೈವರ್ ಅದು. ಕಾಣೆಯಾಗಿ ವರ್ಷಗಳೇ ಆಗಿದ್ದವು. ಅಂದಿನಿಂದ ಡ್ರಿಲ್ ಯಂತ್ರದಲ್ಲೇ ಕೆಲಸ ಸಾಗುತ್ತಿತ್ತು. ಅದನ್ನು ಕೊಂಡೊಯ್ದವನು ಭಾವಮೈದುನನೇ ಎಂಬುದರಲ್ಲಿ ಗ್ರಂಥಪಾಲಕರಿಗೆ ಲವಲೇಶವೂ ಅನುಮಾನವಿರಲಿಲ್ಲ. ಆ ಸಾಧು ಮನುಷ್ಯ ಮನೆಗೆ ಬಂದಾಗಲೆಲ್ಲ ಇವರು ಪುಸ್ತಕ ಎರವಲು ಪಡೆದು ಹಿಂದಿರುಗಿಸದವರ ಕಥೆಗಳನ್ನು ವಿಸ್ತಾರವಾಗಿ ಹೇಳುತ್ತಿದ್ದರು. ಅವನು ಪ್ರತಿ ಸಲವೂ 'ಕಾಲ ಕೆಟ್ಟುಹೋಯ್ತು ಭಾವ' ಎಂದು ಮನಸಾರೆ ನೊಂದುಕೊಳ್ಳುತ್ತಿದ್ದನು.

ಇಂದಲ್ಲ ನಾಳೆ ಅವನ ಆತ್ಮಸಾಕ್ಷಿ ಎಚ್ಚರಗೊಂಡೀತೆಂದು ಸ್ಕ್ರೂಡ್ರೈವರಿಗೂ ಒಂದು ಜಾಗ ಮೀಸಲಾಯಿತು. ವಸ್ತು ಎದುರಿಗಿಲ್ಲದ್ದರಿಂದ ಗೆರೆಯನ್ನು ನೆನಪಿನಿಂದ ಎಳೆಯಬೇಕಾಯಿತು. ಎಳೆದು, ಹಿಂದೆ ಸರಿದು ನೋಡಿದರು. ಅದು ಇನ್ನೂ ಸ್ವಲ್ಪ ಉದ್ದವಿತ್ತು ಎನ್ನಿಸಿತು. ಹೆಚ್ಚಿಸಿದರು. ಹಿಡಿ ಇನ್ನೂ ದಪ್ಪವಿರಬೇಕಿತ್ತಲ್ಲವೇ? ದಪ್ಪವಾಯಿತು. ಕೊನೆಗೆ ಆ ಹಳದಿ ಆಕಾರ ಗರಗಸದ ಪಕ್ಕದಲ್ಲಿ ಅದರ ಅಣ್ಣನಂತೆ ನಿಂತಿತು.

ಉಳಿದ ಉತ್ಸಾಹವನ್ನೆಲ್ಲ ಗ್ರಂಥಪಾಲಕರು ಎಣ್ಣೆಯ ಡಬ್ಬಿಗೆ ವಹಿಸಿದರು. ಕೀಲುಗಳಿಗೆ ಎಣ್ಣೆ ಬಿತ್ತು. ಬಾಗಿಲು ಬೆಣ್ಣೆಯಂತೆ ತಿರುಗತೊಡಗಿತು. ಬಾಗಿಲ ಒಳಮೈಯ ಕೆಳತುದಿಯಲ್ಲಿ, ನೆಲದ ತೂತಿಗೆ ಇಳಿಯುವ ಚಿಲಕವೊಂದಿತ್ತು. ಅದು ಮೇಲಕ್ಕೆತ್ತಿದ ಸ್ಥಿತಿಯಲ್ಲೇ ತುಕ್ಕು ಹಿಡಿದು, ಎಷ್ಟೋ ವರ್ಷಗಳಿಂದ ಯಾರ ತಂಟೆಗೂ ಹೋಗದೆ ನಿಂತಿತ್ತು. ಅದನ್ನೂ ಬಿಡಲಿಲ್ಲ. ಎಣ್ಣೆ ಕುಡಿಸಿ, ಅಲುಗಾಡಿಸಿ, ಯೌವನ ಮರಳಿಸಿದರು.

ಸಂಜೆಯಾಯಿತು. ಮಗಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಗ್ರಂಥಪಾಲಕರು ಶುಭ್ರವಾದ ಅಂಗಿ ತೊಟ್ಟು ಹಜಾರದ ಕುರ್ಚಿಯಲ್ಲಿ ಕುಳಿತರು. ಒಲೆ ಹೊತ್ತಿದ ಸದ್ದು ಕೇಳಿಸಿತು.

"ಒಂದು ಅಳತೆ ಟೇಪು ಕೊಡಿ," ಎಂದು ಒಳಗಿನಿಂದ ಮಡದಿ ಕೂಗಿ ಹೇಳಿದರು. "ಐದರಲ್ಲಿ ಯಾವುದಾದರೂ ಆದೀತು."

ಇಷ್ಟು ಸುಲಭದ ಪ್ರಶ್ನೆಗೆ ಓಡುವುದು ಅವಮಾನ. ಗ್ರಂಥಪಾಲಕರು ಪದವಿ ಪ್ರದಾನಕ್ಕೆ ವೇದಿಕೆ ಹತ್ತುವವರಂತೆ ಒಂದೊಂದೇ ಹೆಜ್ಜೆಯಿಟ್ಟು ಹೊರಟರು. ಕೋಣೆ ಇನ್ನೇನು ಕೈಗೆಟುಕುವಷ್ಟು ಹತ್ತಿರವಿರುವಾಗ, ಬೆಳಗಿನಿಂದ ಕಾದಿದ್ದ ಗಾಳಿ ಕೋಣೆಯ ಕಿಟಕಿಯ ಕಡೆಯಿಂದ ಒಮ್ಮೆ ನುಗ್ಗಿತು. ಎಣ್ಣೆಯುಂಡ ಕೀಲು, ಕಬ್ಬಿಣ ಹೊತ್ತ ಬಾಗಿಲು. ಅದು ದಢಾರೆಂದು ಬಡಿದುಕೊಂಡಿತು. ಆ ಸದ್ದಿನ ಬೆನ್ನಿಗೇ ಮತ್ತೊಂದು ಸಣ್ಣ ಸದ್ದು, 'ಟಕ್'. ಯೌವನ ಮರಳಿದ ಚಿಲಕ ನೆಲದ ತೂತಿಗೆ ಇಳಿದಿತ್ತು.

ಅವರು ತಳ್ಳಿದರು. ಭುಜ ಕೊಟ್ಟರು. ಬಾಗಿಲು ಅಲ್ಲಾಡಲಿಲ್ಲ; ಅದಕ್ಕೆ ಭಾರ ಹೊರಿಸಿದವರೂ ಚಿಲಕಕ್ಕೆ ಎಣ್ಣೆ ಕುಡಿಸಿದವರೂ ಅವರೇ.

ಅಂಗಳ ಸುತ್ತಿ ಓಡಿ, ಬಾಗಿಲಿನ ಪಕ್ಕದ ಗೋಡೆಯಲ್ಲಿದ್ದ ಕಿಟಕಿಯಿಂದ ಇಣುಕಿದರು. ದೃಶ್ಯ ಮನೋಹರವಾಗಿತ್ತು. ಒಂದು ಉಪಕರಣವೂ ಕೆಳಗೆ ಬಿದ್ದಿರಲಿಲ್ಲ. ಸುತ್ತಿಗೆ, ಉಳಿ, ಇಕ್ಕಳ, ಗರಗಸ, ಎಲ್ಲವೂ ಹಳದಿ ಗೆರೆಯೊಳಗೆ ಶಿಸ್ತಾಗಿ ನಿಂತು ಅವರನ್ನು ದಿಟ್ಟಿಸುತ್ತಿದ್ದವು. ಐದೂ ಟೇಪುಗಳು ಒಂದೇ ಸಾಲಿನಲ್ಲಿದ್ದವು. ಕಿಟಕಿಯ ಸರಳುಗಳ ನಡುವೆ ಕೋಲೊಂದನ್ನು ತೂರಿಸಿದರೆ ಚಿಲಕ ಎತ್ತಬಹುದಿತ್ತು. ಆದರೆ ಸರಳುಗಳ ಹೊರಗೆ ಸೊಳ್ಳೆ ಜಾಲರಿಯ ಚೌಕಟ್ಟಿತ್ತು. ಅದನ್ನು ಹಾಕಿದವರೂ ಅವರೇ. ಸೊಳ್ಳೆಗಳು ಸ್ಕ್ರೂ ಬಿಚ್ಚಿಕೊಂಡು ಬಂದಾವೆಂಬ ಭಯವಿತ್ತೋ ಏನೋ, ಸುತ್ತಲೂ ಬೆರಳಗಲಕ್ಕೊಂದರಂತೆ ಸ್ಕ್ರೂ ಬಿಗಿದಿದ್ದರು.

"ಏನು ಸಾರ್, ನಿಮ್ಮ ಮನೆಗೆ ನೀವೇ ಕನ್ನ ಹಾಕ್ತಿದ್ದೀರಾ?" ಎಂದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡಿನ ಆಚೆಯಿಂದ ವಿಚಾರಿಸಿದರು.

ಅಡುಗೆಮನೆಯ ಕಿಟಕಿಯಿಂದ ಮಗಳ ವರದಿ ಬರುತ್ತಿತ್ತು: "ಅಪ್ಪಾ, ಕೆನೆ ಕಟ್ತಿದೆ."

ಜಗತ್ತಿನಲ್ಲಿ ಆಗ ಅವರಿಗೆ ಬೇಕಾದದ್ದು ಒಂದು ಸ್ಕ್ರೂಡ್ರೈವರ್. ಕಾರ್ಯಾಗಾರವೇ ಕೈಬಿಟ್ಟುಹೋಗುವ ಗಳಿಗೆಯಲ್ಲಿ, ಅಲ್ಲಿಲ್ಲದ ಭಾವಮೈದುನನನ್ನು ಅವರು ಹಲ್ಲು ಕಚ್ಚಿ ನೆನೆದರು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಒಂದು ಡ್ರಾಯರ್ ಎಳೆದ ಸದ್ದಾಯಿತು. ಬೆಂಕಿಪೊಟ್ಟಣ, ಅರ್ಧ ಮೇಣದಬತ್ತಿ, ಗುಂಡಿಗಳು, ದಾರ, ರಬ್ಬರ್ ಬ್ಯಾಂಡು ಎಲ್ಲ ಒಂದೇ ಸಂಸಾರವಾಗಿ ಬದುಕುತ್ತಿದ್ದ ಡ್ರಾಯರ್ ಅದು. ಯಾವ ವರ್ಗೀಕರಣವೂ ಅದರೊಳಗೆ ಕಾಲಿಟ್ಟಿರಲಿಲ್ಲ. ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದ ಮಡದಿ ಕತ್ತು ಬಗ್ಗಿಸಿ ಹುಡುಕಲೂ ಇಲ್ಲ. ಕೈ ಹಾಕಿದರು, ತೆಗೆದರು, ಕಿಟಕಿಯಿಂದ ಚಾಚಿದರು.

ಕೆಂಪು ಹಿಡಿಯ ಸ್ಕ್ರೂಡ್ರೈವರ್.

ಗ್ರಂಥಪಾಲಕರು ಅದನ್ನೂ ಅವರನ್ನೂ ನೋಡಿದರು. "ಇದು ನಿನ್ನ ಹತ್ರ ಹೇಗೆ ಬಂತು?"

"ಕುಕ್ಕರ್ ಹಿಡಿ ಸಡಿಲ ಆಗಿತ್ತು, ತಂದಿಟ್ಕೊಂಡೆ. ದಿನಾ ಬೇಕಾಗುತ್ತಲ್ಲ."

"ಇಷ್ಟು ವರ್ಷ ಹೇಳಲೇ ಇಲ್ಲ."

"ನೀವು ಕೇಳಲೇ ಇಲ್ವಲ್ಲ."

"ಕೇಳ್ದೆ," ಎಂದರು ಗ್ರಂಥಪಾಲಕರು ಸಣ್ಣ ದನಿಯಲ್ಲಿ. "ನಿನ್ನ ತಮ್ಮನ್ನ."

ಆಮೇಲಿನದು ಶೌರ್ಯದ ಅಧ್ಯಾಯ. ಅವರು ಒಂದೊಂದು ಸ್ಕ್ರೂ ಬಿಚ್ಚಿದಾಗಲೂ 'ಉಕ್ಕಿತೇನೇ?' ಎಂದು ಕೂಗಿದರು. ಮಗಳು ಪ್ರತಿ ಸಲವೂ 'ಇಲ್ಲ ಅಪ್ಪ' ಎಂದಳು. ಮೇಷ್ಟ್ರು ಕಾಂಪೌಂಡಿನ ಆಚೆಯಿಂದ ಹುರಿದುಂಬಿಸಿದರು. ಜಾಲರಿ ಕಳಚಿತು. ಬಟ್ಟೆ ಹರವುವ ಕೋಲಿನ ತುದಿಯ ಕೊಕ್ಕೆ ಸರಳುಗಳ ನಡುವೆ ತೂರಿ, ಅತ್ತಿತ್ತ ತಡಕಾಡಿ, ಚಿಲಕದ ಹಿಡಿಗೆ ಸಿಕ್ಕಿಕೊಂಡಿತು. ಎಣ್ಣೆಯ ಕೃಪೆಯಿಂದ ಅದು ಎಷ್ಟು ಸಲೀಸಾಗಿ ಇಳಿದಿತ್ತೋ ಅಷ್ಟೇ ಸಲೀಸಾಗಿ ಮೇಲೆದ್ದಿತು. ಅದು ಮತ್ತೆ ಜಾರುವ ಮೊದಲು ಮಗಳು ಬಂದು ಬಾಗಿಲು ತಳ್ಳಿದಳು. ಗ್ರಂಥಪಾಲಕರು ಒಳಹೊಕ್ಕು, ಟೇಪನ್ನು ಕಿತ್ತುಕೊಂಡು, ಗಾಂಭೀರ್ಯವನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಓಡಿದರು.

ಹಾಲು ಉಕ್ಕಿರಲಿಲ್ಲ.

"ಗೆದ್ರಿ," ಎಂದರು ಮಡದಿ. "ಕಾರ್ಯಾಗಾರ ನಿಮ್ಮದೇ."

ಗ್ರಂಥಪಾಲಕರು ಬೆವರು ಒರೆಸಿಕೊಂಡು, ವಿಜಯದ ಮೆರವಣಿಗೆಯೆಂಬಂತೆ ಇಬ್ಬರನ್ನೂ ಕೋಣೆಗೆ ಕರೆದೊಯ್ದು ಸ್ಕ್ರೂಡ್ರೈವರನ್ನು ಅದರ ಜಾಗದಲ್ಲಿ ತೂಗುಹಾಕಿದರು. ವೀರಯೋಧನ ಕವಚದೊಳಗೆ ಕೂಸನ್ನು ಮಲಗಿಸಿದಂತಾಯಿತು. ಸುತ್ತಲೂ ಇನ್ನೆರಡು ಸ್ಕ್ರೂಡ್ರೈವರ್ ಹಿಡಿಸುವಷ್ಟು ಜಾಗ ಉಳಿಯಿತು. ಮಗಳು ಕೆಮ್ಮಿದಳು. ಅಷ್ಟರಲ್ಲಿ ಗ್ರಂಥಪಾಲಕರಿಗೆ ಬೇರೊಂದು ಅನುಮಾನ ಬಂತು. ಅಷ್ಟೊಂದು ಸ್ಕ್ರೂ ಬಿಚ್ಚುವಷ್ಟು ಹೊತ್ತು ಯಾವ ಹಾಲು ತಾನೇ ಸುಮ್ಮನಿದ್ದೀತು?

"ಅಮ್ಮ ಒಲೆ ಆರಿಸಿದ್ಲು ಅಪ್ಪ," ಎಂದು ತೀರ್ಪುಗಾರ್ತಿ ತಪ್ಪೊಪ್ಪಿಕೊಂಡಳು. "ಬಾಗಿಲು ಬಡಿದ ಸದ್ದು ಕೇಳಿದ ಸ್ವಲ್ಪ ಹೊತ್ತಿಗೇ."

ಗ್ರಂಥಪಾಲಕರು ಮಡದಿಯ ಕಡೆ ತಿರುಗಿದರು. ಕೋಣೆ ಕೈಗೆ ಬರುವ ಗಳಿಗೆಯಲ್ಲಿ ತನಗಾಗಿ ಸೋಲಲು ಸಿದ್ಧಳಾದ ಹೆಂಡತಿ! ಇಂಥ ತ್ಯಾಗಕ್ಕೆ ಏನು ಹೇಳಬೇಕೆಂದು ಅವರು ಪದ ಹುಡುಕುತ್ತಿರುವಾಗ, ಮಡದಿ ಅವರ ಕೈಯಿಂದ ಟೇಪನ್ನು ತೆಗೆದುಕೊಂಡು, ಅದರ ತುದಿಯನ್ನು ಮಗಳ ಕೈಗಿತ್ತು, ಖಾಲಿ ನೆಲವನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ಅಳೆದರು.

"ನೀವು ಗೆಲ್ಲಲೇಬೇಕಿತ್ತು ರೀ," ಎಂದರು. "ಸಾಮಾನು ಅಟ್ಟ ಹತ್ತಿದ್ರೆ ದಿನಾ ಏಣಿ ಹಿಡಿಯೋಳು ನಾನು. ಈಗ ನೋಡಿ, ಇಡೀ ಕಾರ್ಯಾಗಾರ ಒಂದು ಬಾಗಿಲ ಮೇಲೆ ಹಿಡಿಸಿದೆ. ಮರ ಕೊಯ್ಯೋದು ಹೇಗೂ ಅಂಗಳದಲ್ಲಿ. ಕಾರ್ಯಾಗಾರ ನಿಮ್ಮದೇ, ಯಾರೂ ಮುಟ್ಟಲ್ಲ." ಟೇಪು ಸರ್‍ರೆಂದು ಸುರುಳಿ ಸುತ್ತಿಕೊಂಡಿತು. "ಅದರ ಹಿಂದಿರೋ ಕೋಣೆ ನಿಮಗ್ಯಾಕೆ?"

ಗ್ರಂಥಪಾಲಕರು ಬಾಗಿಲನ್ನು ನೋಡಿದರು. ಅದಕ್ಕಿಂತ ಸುವ್ಯವಸ್ಥಿತವಾದ ಕಾರ್ಯಾಗಾರ ಎಲ್ಲಿಯೂ ಇರಲಾರದು. ವಾದಿಸಲು ಅವರಿಗೆ ಒಂದು ಅಂಶವೂ ಸಿಗಲಿಲ್ಲ. ಎಲ್ಲವನ್ನೂ ಅವರೇ ಬೆಳಗಿನಿಂದ ಗುಡಿಸಿ ಹೊರಗೆ ಹಾಕಿದ್ದರು. ಮೊದಲನೆಯ ಹೊಲಿಗೆ ಯಂತ್ರದ ಒಂದು ಬದಿಯನ್ನು ಹಿಡಿದು ಒಳಗೆ ತಂದವರೂ ಅವರೇ. ರಾತ್ರಿಯ ಊಟಕ್ಕೆ ಮೊದಲು ಭಾವಮೈದುನನಿಗೆ ಫೋನು ಮಾಡಿ, ಕಾರಣ ಹೇಳದೆ, ಬಹಳ ಅಕ್ಕರೆಯಿಂದ ಮಾತಾಡಿದರು. ಅವನು ಗಾಬರಿಯಾಗಿ, ಅಕ್ಕ ಹುಷಾರಾಗಿದ್ದಾಳೆಯೇ ಎಂದು ಕೇಳಿದನು.

ಅಂದು ಖರ್ಚಾದದ್ದು: ಹಳದಿ ಬಣ್ಣ, ಒಂದು ಡಬ್ಬಿ, ಅದರಲ್ಲಿ ಅರ್ಧದಷ್ಟು ಸ್ಕ್ರೂಡ್ರೈವರಿಗೆ. ಕೊಕ್ಕೆಗಳು, ಇದ್ದವೆಲ್ಲ. ಎಣ್ಣೆ, ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು. ಹಾಲು, ಇಲ್ಲ. ಕೋಣೆ, ಒಂದು.