ಕಾಕಾ, ಲಂಗರು ಮತ್ತು ಸಾಹೇಬರ ಬೂಟು

ನೀರಿನ ಮೇಲೆ ಕೆಲಸ ಮಾಡುವವರು ನಗೆಪಾಟಲಾಗಲು ಮುಹೂರ್ತ ನೋಡಬೇಕಾಗಿಲ್ಲ. ದಿನ ಬೆಳಗಾದರೆ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಚಿಂಚೋಳಿ ಕಡೆಯ ಒಂದು ಜಲಾಶಯದಲ್ಲಿ ನಾನು ದೋಣಿ ನೋಡಿಕೊಳ್ಳುತ್ತೇನೆ. ಜೊತೆಗೆ ನಮ್ಮ ಕಾಕಾ, ಸೇಡಂ ಹತ್ತಿರ ಕಾಗಿಣಾ ಹೊಳೆಯಲ್ಲಿ ಬಹಳ ವರ್ಷ ಮಂದಿಯನ್ನು ದಾಟಿಸಿದವರು. ಸೇತುವೆ ಬಂತು, ಅವರ ದೋಣಿ ದಂಡೆ ಹತ್ತಿತು. ಈಗ ನಮ್ಮಲ್ಲಿಗೆ ಹೊಸದಾಗಿ ಒಂದು ಸಣ್ಣ ಹಾಯಿದೋಣಿ ಬಂದಿದೆ. ಅದರ ಕೆಲಸ ಕಲಿತು ಇಲಾಖೆಯ ಸಾಹೇಬರ ಮುಂದೆ ಪರೀಕ್ಷೆ ಪಾಸಾದರೆ ಕಾಕಾ ದೋಣಿಯಲ್ಲಿ, ಇಲ್ಲದಿದ್ದರೆ ಒಳಬರುವ ಗೇಟಿನ ಕಾವಲು ಕುರ್ಚಿಯಲ್ಲಿ.

"ನೀರು ಬಿಟ್ಟು ಗೇಟಿನ್ಯಾಗ ಕುಂತ್ರ ನಾ ಭಾಳ ದಿನ ಬದುಕಂಗಿಲ್ಲಪಾ" ಅಂದಿದ್ದರು.

೧. ಫರಸಿಕಲ್ಲು

ಕಲಿಸಲು ಕಾರವಾರದ ಕಡೆಯಿಂದ ಮೇಡಂ ಒಬ್ಬರು ಬಂದರು. ಮೊದಲ ದಿನವೇ ಲಂಗರು ತೋರಿಸಿದರು. ಕಾಕಾ ಅದನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದರು.

"ಇಷ್ಟು ಹಗೂರ ಅದ. ಇದೇನು ದೋಣಿ ಹಿಡೀತದ್ರಿ?"

"ಭಾರದಿಂದಲ್ಲ, ಇದು ತಳದ ಮಣ್ಣು ಕಚ್ಚಿ ಹಿಡಿಯುತ್ತದೆ" ಅಂದರು ಮೇಡಂ.

"ನಮ್ಮದು ಯಾರಿಗೂ ಕಚ್ಚಂಗಿಲ್ರಿ, ಸುಮ್ನ ಕುಂದರ್ತದ."

ನಮ್ಮ ಹೊಳೆಯಲ್ಲಿ ಲಂಗರು ಅಂದರೆ ನೆಲಕ್ಕೆ ಹಾಸುವ ದಪ್ಪನೆಯ ಶಹಾಬಾದಿ ಫರಸಿಕಲ್ಲು. ನಡುವೆ ತೂತು, ತೂತಿಗೆ ಹಗ್ಗ. ಮರುದಿನ ಕಾಕಾ ಅಂಥದೊಂದನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಬಂದು ಹಾಯಿದೋಣಿಯ ಮೂತಿಯಲ್ಲಿ ಇಳಿಸಿಯೇ ಬಿಟ್ಟರು. ಮೂತಿ ನೀರು ಮುಟ್ಟಿತು, ಹಿಂಭಾಗ ಮೇಲೆದ್ದಿತು. ಮೇಡಂ ಬಾಯಿ ತೆರೆಯುವ ಮೊದಲೇ ಕಾಕಾ ಅಂದರು:

"ನೋಡ್ರಿ, ದೋಣಿ ನಿಮಗ ನಮಸ್ಕಾರ ಮಾಡಾಕತ್ತದ."

೨. ಎರಡು ತುದಿ

ಲಂಗರಿಗೆ ಸರಪಳಿ, ಸರಪಳಿಗೆ ಹಗ್ಗ. ನಡುವಿನ ಕೊಂಡಿ ಬಿಚ್ಚಿಕೊಳ್ಳಬಾರದೆಂದು ಅದಕ್ಕೊಂದು ತಂತಿಯ ಸುತ್ತು. ಮೇಡಂ ಹೇಳಿದಂತೆ ಇದನ್ನೆಲ್ಲ ನಾನೇ ಕಟ್ಟಿದೆ. ಮೂವರೂ ನಡುನೀರಿಗೆ ಹೋದೆವು.

"ಕಟ್ಟೀಯೇನಲೇ?" ಅಂದರು ಕಾಕಾ.

"ಗಟ್ಟಿ ಕಟ್ಟೀನಿ ಕಾಕಾ."

ಕಾಕಾ ನೀರಿನ ತಾಯಿ ಗಂಗವ್ವನ ಹೆಸರು ಹೇಳಿ ಲಂಗರನ್ನು ನೀರಿಗೆ ಬಿಟ್ಟರು. ಲಂಗರು ಹೋಯಿತು, ಸರಪಳಿ ಹೋಯಿತು, ಹಗ್ಗ ಸರಸರ ಹೋಯಿತು. ಕೊನೆಗೆ ಹಗ್ಗದ ಬಾಲವೂ ನಮ್ಮ ಕಣ್ಣೆದುರೇ ಹೋಯಿತು. ಲಂಗರಿನ ತುದಿ ನಾನು ಕಟ್ಟಿದ್ದೆ. ದೋಣಿಯ ತುದಿಯನ್ನು ಕಾಕಾ ಕಟ್ಟಿದ್ದಾರೆ ಅಂತ ನಾನು, ನಾನು ಕಟ್ಟಿದ್ದೇನೆ ಅಂತ ಕಾಕಾ.

ಊರಿನಿಂದ ಪಾತಾಳಗರಡಿ ತರಿಸಿದೆವು. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು ಅದು. ಅರ್ಧ ದಿನ ನೀರು ತಡಕಾಡಿದ ಮೇಲೆ ಹಗ್ಗ ಸಿಕ್ಕಿತು, ಹಿಂದೆಯೇ ಲಂಗರೂ ಬಂತು. ಮೇಡಂ ಪಾತಾಳಗರಡಿಯನ್ನು ತಿರುಗಿಸಿ ನೋಡಿ, "ಇದೂ ಒಂದು ಥರದ ಲಂಗರೇ ಅಲ್ಲವಾ!" ಅಂದರು.

"ಹೌದ್ರಿ. ಆದ್ರ ಇದಕ್ಕ ಹಗ್ಗ ಹಿಡಿಯೋರು ನಮ್ಮ ಮನಿ ಹೆಣ್ಮಕ್ಕಳು. ಅದಕ್ಕ ಇವತ್ತಿನ ತನಕ ಬಾವ್ಯಾಗ ಬಿದ್ದಿಲ್ಲ" ಅಂದರು ಕಾಕಾ.

೩. ಚಿಟಿಕೆ ಕುಂಕುಮ

ಲಂಗರನ್ನು ಎಲ್ಲೆಂದರಲ್ಲಿ ಒಗೆಯುವುದು ನನ್ನ ಚಾಳಿ. ಮೂತಿಯಲ್ಲಿ ಅಲುಗಾಡದಂತೆ ಕಟ್ಟಿಡಿ, ಹಗ್ಗ ಸುರುಳಿ ಸುತ್ತಿ, ಅದರ ಮೇಲೆ ಕಾಲಿಡಬೇಡಿ ಅಂತ ಮೇಡಂ ದಿನಾ ಕೂಗುತ್ತಿದ್ದರು. ದಿನಾ ಯಾರದಾದರೂ ಹೆಬ್ಬೆರಳು ಒಡೆಯುತ್ತಿತ್ತು.

ನೀರಿನಿಂದ ತಿರುಗಿ ಬಂದ ಲಂಗರಿಗೆ ಕಾಕಾ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ, ಮೂತಿಯಲ್ಲಿ ಭದ್ರವಾಗಿ ಕಟ್ಟಿ ಕೂರಿಸಿದರು. ಅಂದಿನಿಂದ ಆ ಕಡೆ ಒಬ್ಬರ ಕಾಲೂ ಸುಳಿಯಲಿಲ್ಲ. ಸುರುಳಿ ದಾಟಬೇಕಾದರೆ ನಾನೂ ಸುತ್ತುಹಾಕಿ ಹೋಗುತ್ತಿದ್ದೆ.

ಮೇಡಂ ನಿಟ್ಟುಸಿರು ಬಿಟ್ಟರು: "ಇಷ್ಟು ವರ್ಷ ಸುಮ್ಮನೆ ಗಂಟಲು ಹರಿದುಕೊಂಡೆ!"

೪. ಸಾಹೇಬರ ಬೂಟು

ಪರೀಕ್ಷೆಯ ದಿನ ಬಂತು. ಪಾಪ, ಕಾಕಾ ಬೆಳಗಿನಿಂದ ಚಹಾ ಸಹ ಕುಡಿದಿರಲಿಲ್ಲ. ಸಾಹೇಬರು ದೋಣಿಯೊಳಗೆ ಕಾಲಿಟ್ಟರು.

"ಬೂಟು ಕಳೀರಿ ಸಾಹೇಬ್ರ. ಲಂಗರಕ್ಕ ಪೂಜಿ ಮಾಡೀವಿ" ಅಂದರು ಕಾಕಾ.

ಸಾಹೇಬರು ಕಾಕಾನನ್ನು ನೋಡಿದರು, ಕುಂಕುಮ ನೋಡಿದರು, ಬೂಟು ಬಿಚ್ಚಿ ಹಗ್ಗದ ಸುರುಳಿಯ ಪಕ್ಕ ಇಟ್ಟರು.

ನಡುನೀರಿನಲ್ಲಿ, "ಲಂಗರು ಹಾಕಿ ತೋರಸ್ರಿ" ಅಂದರು.

ಕಾಕಾ ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಿ, ಹಾಯಿ ಇಳಿಸಿ, ಹಗ್ಗದ ಎರಡೂ ತುದಿ ಮುಟ್ಟಿ ನೋಡಿ, ಲಂಗರನ್ನು ಮೆಲ್ಲಗೆ ಇಳಿಬಿಟ್ಟರು. ಹಗ್ಗ ಓಡಿತು. ಅದರ ಸುತ್ತಿಗೆ ಒಂದು ಬೂಟಿನ ಲೇಸು ಸಿಕ್ಕಿತು.

"ಏ, ನನ್ನ ಬೂಟು! ಬೂಟು!"

ಕಾಕಾ ತಿರುಗಿ ನೋಡಲಿಲ್ಲ. ಬೂಟು ಮುಳುಗಿತು, ಹಗ್ಗ ಬಿಗಿಯಿತು, ದೋಣಿ ಗಪ್ಪನೆ ನಿಂತಿತು. ಆಮೇಲೆ ತಿರುಗಿದರು. "ಈಗ ಹೇಳ್ರಿ ಸಾಹೇಬ್ರ, ಏನಂದ್ರಿ?"

"ನಾ ಒದರಿದ್ದು ಕೇಳಲಿಲ್ಲೇನು?"

"ಕೇಳಿತ್ರಿ. ಬೂಟು ಹಿಡೀಬೇಕಂದ್ರ ಹಗ್ಗ ಬಿಡಬೇಕಿತ್ರಿ. ದೋಣ್ಯಾಗ ನೀವಿದ್ರಿ."

ಲಂಗರು ಎತ್ತಿದರೆ ಹಗ್ಗ ಬಂತು, ಬೂಟು ಬರಲಿಲ್ಲ. ದಂಡೆಗೆ ಬಂದೆವು. ಕಾಕಾ ತಲೆ ತಗ್ಗಿಸಿ ನಿಂತರು. ಮೇಡಂ ಹೆದರಿ ಹೆದರಿ ಕೇಳಿದರು: "ಸರ್, ಹಾಗಾದರೆ ಇವರನ್ನು ಗೇಟಿಗೆ..."

ಒಂದೇ ಬೂಟು ಕೈಯಲ್ಲಿ ಹಿಡಿದಿದ್ದ ಸಾಹೇಬರು ಬೆಚ್ಚಿಬಿದ್ದರು. "ಗೇಟಿಗೆ ಮಾತ್ರ ಬ್ಯಾಡ್ರಿ! ಅಲ್ಲಿ ಕುಂತ್ರ ಬಂದವರೆಲ್ಲರ ಬೂಟು ಬಿಚ್ಚಸ್ತಾರ. ದೋಣ್ಯಾಗೇ ಇರಲಿ, ಇಲ್ಲಿ ಒಂದೊಂದೇ ಹೋಗ್ತಾವ."