ಪಂಕ್ತಿಯಲ್ಲೊಬ್ಬ ಸ್ಟ್ರೈಕರ್

ನಮ್ಮ ಸೋದರಮಾವ ದೊಡ್ಡ ಫುಟ್‌ಬಾಲ್ ಕೋಚ್ ಎಂದರೆ ಚನ್ನಗಿರಿಯ ನಮ್ಮ ಬಳಗದಲ್ಲಿ ಯಾರೂ ನಗುವುದಿಲ್ಲ. ನಕ್ಕವರ ಎಲೆಗೆ ತುಪ್ಪ ಬೀಳುವುದಿಲ್ಲವೆಂಬ ಹೆದರಿಕೆ! ಮಾವ ಜನ್ಮದಲ್ಲಿ ಒಂದು ಚೆಂಡನ್ನೂ ಒದ್ದವರಲ್ಲ. ಆದರೂ ಅವರ ಕೈಕೆಳಗೆ ಒಂದು ತಂಡವಿದೆ. ಅದರಲ್ಲಿ ನಾನೂ ಇದ್ದೇನೆ. ಹಾಗೆಂದು ಹೇಳಿಕೊಳ್ಳಲು ನನಗೆ ಬಲು ಹೆಮ್ಮೆ.

ತಂಡವೆಂದರೆ ಬಡಿಸುವ ತಂಡ. ನಮ್ಮಲ್ಲಿ ಯಾರ ಮನೆಯ ಕಾರ್ಯವಾದರೂ ಪಂಕ್ತಿಗೆ ಬಡಿಸುವವರು ಮನೆಯವರೇ, ಅವರ ಮುಂದಾಳು ಮಾವ. ತುಂಬಿದ ಸಾರಿನ ಬಕೆಟ್ ಹಿಡಿದು ಎಲೆಗಳ ನಡುವೆ ಓಡಿದರೂ ಒಂದು ಹನಿ ಆಚೀಚೆ ಬೀಳದು, ಅಂಥ ಕೈ! ಹೋದ ವರ್ಷ ಅದೇ ಓಟದಲ್ಲಿ ಯಾರೋ ಬೀಳಿಸಿದ್ದ ಬಾಳೆಹಣ್ಣಿನ ಸಿಪ್ಪೆ ತುಳಿದು ಕಾಲು ಮುರಿದುಕೊಂಡರು. ಬಕೆಟ್ ಮಾತ್ರ ನೆಟ್ಟಗೇ ಇತ್ತಂತೆ. ಮಂಚ ಹಿಡಿದವರಿಗೆ ಹೊತ್ತು ಹೋಗಲೆಂದು ನನ್ನ ತಂಗಿ ಫೋನಿನಲ್ಲಿ ಫುಟ್‌ಬಾಲ್ ಆಡುವ ಹುಡುಗರ ಜಪಾನಿ ಕಾರ್ಟೂನ್ ಹಾಕಿಕೊಟ್ಟಳು. ಅಲ್ಲಿಗೆ ಮುಗಿಯಿತು ನೋಡಿ ನಮ್ಮ ಕತೆ!

ಆ ಕಾರ್ಟೂನಿನಲ್ಲಿ ಒದ್ದ ಚೆಂಡು ಅಷ್ಟು ಸುಲಭಕ್ಕೆ ಗೋಲು ಸೇರುವುದಿಲ್ಲ. ಅದು ಗಾಳಿಯಲ್ಲಿರುವಾಗಲೇ ಒದ್ದವನ ಬಾಲ್ಯ, ಅವನ ತಾಯಿಯ ಕಣ್ಣೀರು, ಕೊನೆಗೆ ಎದುರಾಳಿಯ ಬಾಲ್ಯವೂ ಬಂದುಹೋಗುತ್ತದೆ. ನಮ್ಮ ಧಾರಾವಾಹಿಗಳನ್ನು ಕಂಡವರಿಗೆ ಇದೇನು ಹೊಸದೇ? ಮಾವನಿಗೆ ಹಿಡಿಸಿದ್ದು ಅಲ್ಲಿನ ಜಗಳ. "ನಾನು" ಎನ್ನುವವನೇ ಗೋಲು ಹೊಡೆಯುವ ಸ್ಟ್ರೈಕರ್ ಎಂದು ಒಬ್ಬ ಕೋಚ್. "ನಾವು" ಎನ್ನದವನಿಗೆ ಚೆಂಡೇ ಸಿಗದು ಎಂದು ಇನ್ನೊಬ್ಬ. ಮಾವ ಇಬ್ಬರನ್ನೂ ಗುರುಗಳೆಂದು ಒಪ್ಪಿಕೊಂಡರು, ಆದರೆ ಒಂದು ಸಲಕ್ಕೆ ಒಬ್ಬರನ್ನು!

ಕಾಲು ಕೂಡಿದ ಮೇಲೆ ಮೊದಲ ಪಂದ್ಯ ಬಸವಾಪಟ್ಟಣದ ಗೃಹಪ್ರವೇಶದಲ್ಲಿ ನಡೆಯಿತು. "ಯಾರೂ ಯಾರ ಮುಖಾನೂ ನೋಡಬ್ಯಾಡ್ರಿ. ಎಲೆ ಕಂಡ್ರೆ ನುಗ್ಗಾದೇಯ! ಎಲ್ಲಾರೂ ಸ್ಟ್ರೈಕರ್!" ಎಂದರು. ನುಗ್ಗಿದೆವು. ಎಲ್ಲರಿಗೂ ಕಂಡದ್ದು ಬಾಗಿಲ ಹತ್ತಿರದ ಅದೇ ಎಲೆಗಳು. ಅಲ್ಲಿ ಪಲ್ಯದ ಮೇಲೆ ಪಾಯಸ, ಪಾಯಸದ ಮೇಲೆ ಸಾರು! ಒಳಗಿನ ಸಾಲಿನಲ್ಲಿ ಉಪ್ಪು, ಉಪ್ಪಿನಕಾಯಿ ಬಿಟ್ಟರೆ ಏನೂ ಇಲ್ಲ. ಅಲ್ಲಿ ಕೂತಿದ್ದ ಯಜಮಾನರೊಬ್ಬರು ಕೂಗಿ ಕೇಳಿದರು: "ಏನಪ್ಪಾ, ಉಪ್ಪು ನೆಕ್ಕಿ ಊರಿಗೆ ಹೋಗ್ರಿ ಅಂತೀರೇನು?"

ನ್ಯಾಮತಿಯ ನಾಮಕರಣಕ್ಕೆ ಗುರು ಬದಲಾದರು. "ನಾನು ಅನ್ನಾದು ಬಿಡ್ರಿ. ಪಾಸ್ ಮಾಡ್ರಿ, ಪಾಸ್!" ಸಾರಿನ ಬಕೆಟ್ ನನ್ನಿಂದ ಚಿಕ್ಕಪ್ಪನಿಗೆ, ಚಿಕ್ಕಪ್ಪನಿಂದ ಅತ್ತೆಗೆ, ಅತ್ತೆಯಿಂದ ಇನ್ನೊಬ್ಬರಿಗೆ. ಎಂಥ ಸೊಗಸು! ನಾನು ಬಡಿಸುತ್ತೇನೆಂದು ಸೌಟು ಎತ್ತಿದರೆ ಸ್ವಾರ್ಥಿ ಎನಿಸಿಕೊಳ್ಳಬೇಕಲ್ಲ? ಬಕೆಟ್ ಇಡೀ ಪಂಕ್ತಿ ಸುತ್ತಿ ತುಂಬಿದ್ದು ತುಂಬಿದಂತೆಯೇ ಅಡುಗೆಮನೆಗೆ ವಾಪಸು ಬಂತು. ಅಡುಗೆ ಭಟ್ಟರ ಮುಖ ಸಣ್ಣದಾಯಿತು. "ಯಾಕ್ರೀ, ಸಾರು ಅಷ್ಟೊಂದು ಕೆಟ್ಟೈತೇನ್ರಿ?"

ತಂಗಿಯ ಮದುವೆ ಗೊತ್ತಾಗಿತ್ತು. ಬೀಗರು ಜಗಳೂರಿನವರು. ನಮ್ಮಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟರು: "ಈ ಸಲ ಕೇಟರಿಂಗ್‌ನೋರೇ ಬಡಿಸ್ತಾರೆ. ಬೀಗರ ಮುಂದೆ ನನ್ನ ಮಾನ ಕಳೀಬ್ಯಾಡ ಮಾರಾಯ."

ಮಾವನ ಮುಖ ಬಾಡಿತು. "ಭಾವ, ಗವಸು ಹಾಕ್ಕೊಂಡ ಕೈಗೆ ನಮ್ಮ ಹುಡುಗಿ ಯಾರು ಅಂತ ಗೊತ್ತಾಗ್ತೈತಾ? ಇದೊಂದು ಮ್ಯಾಚ್ ಕೊಡ್ರಿ. ಬೀಗರದು ಒಂದೇ ಒಂದು ಎಲೆ ಖಾಲಿ ಉಳಿದ್ರೂ ನಾನು ಇನ್ನು ಸೌಟು ಮುಟ್ಟಾಕಿಲ್ಲ." ಅಪ್ಪ ತಲೆಯಾಡಿಸಿದ್ದೇ ತಡ, ಕೋಚ್ ಮತ್ತೆ ಎದ್ದು ಕೂತರು. "ಆದ್ರೆ ಮದುಮಗಳ ಎಲೆಗೆ ಹೋಳಿಗೆ ಹಾಕಾನು ನಾನೇ. ಅದರಾಗೆ ಪಾಸ್ ಇಲ್ಲ!"

ಇದಕ್ಕೆ ಯಾರೂ ಎದುರಾಡಲಿಲ್ಲ. ಮಾವ ಮದುವೆಯಾದವರಲ್ಲ. ತಂಗಿ ಕೂಸಾಗಿದ್ದಾಗ ಅವಳ ಬಾಯಿಗೆ ಮೊದಲ ತುತ್ತು ಇಟ್ಟವರು ಅವರೇ.

ಮದುವೆಯ ದಿನ ಎಲ್ಲರಿಗೂ ಜಾಗ ಹಂಚಿದರು. ಹೊನ್ನಾಳಿಯ ದೊಡ್ಡಪ್ಪ ಗೋಲ್‌ಕೀಪರ್, ಅಂದರೆ ಅಡುಗೆಮನೆ ಬಾಗಿಲಲ್ಲಿ ಹೋಳಿಗೆ ಪುಟ್ಟಿ ಕಾಯುವ ಕೆಲಸ. ಪಂದ್ಯ ಶುರುವಾಗುವ ಮೊದಲೇ ಕೀಪರ್ ಬಾಯಲ್ಲಿ ಹೋಳಿಗೆ ಇತ್ತು! ನಾನು ತುಪ್ಪದ ಗಿಂಡಿ ಹಿಡಿದು ಮಾವನ ಹಿಂದೆ. ಮದುಮಕ್ಕಳ ಪಂಕ್ತಿ ಕೂತಿತು. ಎಲೆಗೆ ಎಲ್ಲ ಬಿತ್ತು. ಮಾವ ಹೋಳಿಗೆ ತಟ್ಟೆ ಹಿಡಿದು ಒಂದೊಂದೇ ಎಲೆ ದಾಟುತ್ತ ತಂಗಿಯ ಎದುರಿಗೆ ಬಂದರು.

ಅಷ್ಟರಲ್ಲಿ ಅವರ ಕಣ್ಣು ದೂರ ಹೋಯಿತು. ಆ ತುದಿಯಲ್ಲಿ, ಕಂಬದ ಮರೆಯಲ್ಲಿ, ವರನ ಅಜ್ಜಿ ತಡವಾಗಿ ಬಂದು ಕೂತಿದ್ದರು. ಎದುರಿಗೆ ಬರಿ ಎಲೆ. ಅಜ್ಜಿ ಸುತ್ತಮುತ್ತ ನೋಡಿ, ನೆಲಕ್ಕೆ ಕೈಯೂರಿ ಏಳತೊಡಗಿದರು.

ಮಾವ ತಂಗಿಯ ಎಲೆ ನೋಡಿದರು. ಅಜ್ಜಿಯ ಎಲೆ ನೋಡಿದರು. ಕಾರ್ಟೂನಿನ ಹುಡುಗರ ಹಾಗೆ ಅವರಿಗೂ ಆ ಗಳಿಗೆಯಲ್ಲಿ ಎಲ್ಲವೂ ಕಣ್ಣ ಮುಂದೆ ಬಂದುಹೋಗಿರಬೇಕು. "ತಗಳವ್ವ, ಇದು ನಿಂದು" ಎಂದು ತಟ್ಟೆಯನ್ನು ನನ್ನ ಕೈಗೆ ತುರುಕಿ, ಆ ಕೂಡಿದ ಕಾಲಲ್ಲಿ ಕುಂಟುತ್ತ ಓಡಿದರು!

ಯಾರನ್ನೂ ಅವರು ಕೂಗಲಿಲ್ಲ. ಅವರು ಓಡಿದ್ದು ಕಂಡೇ ಅತ್ತೆ ಪಲ್ಯ ಎತ್ತಿಕೊಂಡು ಬಂದರು, ಚಿಕ್ಕಪ್ಪ ಕೋಸಂಬರಿ ತಂದರು, ದೊಡ್ಡಪ್ಪ ಬಾಯಿ ಒರೆಸಿಕೊಂಡು ಪುಟ್ಟಿಯ ಸಮೇತ ಬಾಗಿಲು ಬಿಟ್ಟು ಬಂದರು. ಹೇಳಿಸಿಕೊಳ್ಳದೆ ಬಂದರು, ಆದರೂ ಒಬ್ಬರ ಕೈ ಇನ್ನೊಬ್ಬರಿಗೆ ತಾಗಲಿಲ್ಲ. ನೋಡುತ್ತಿದ್ದಂತೆಯೇ ಎಲೆ ತುಂಬಿತು.

"ಕೂತ್ಕಳ್ರಿ ಅಜ್ಜೀ, ತಪ್ಪಾತು, ಎದ್ದು ಹೋಗಬ್ಯಾಡ್ರಿ" ಎಂದು ಮಾವ ಏದುಸಿರಿನಲ್ಲಿ ಕೈಮುಗಿದರು.

"ಎಲ್ಲಿಗೆ ಹೋಗ್ಲಪ್ಪಾ? ಕಾಲು ಜೋಮು ಹಿಡಿದಿತ್ತು, ಮಗ್ಗಲು ಬದಲಾಯಿಸಾಕೆ ಎದ್ದೆ!"

ಇತ್ತ ನಾನು ಗಿಂಡಿಯನ್ನು ತಟ್ಟೆಯಲ್ಲೇ ಇಟ್ಟುಕೊಂಡು ಹೋಳಿಗೆ ಎತ್ತಿದೆ. ತಂಗಿ ಎಲೆಗೆ ಕೈ ಅಡ್ಡ ಹಿಡಿದಳು.

"ಸಾಕು ಅಂತೀಯಲ್ಲೇ, ಇನ್ನೂ ಹಾಕೇ ಇಲ್ಲ!"

"ಮಾವ ಬರ್ಲಿ ಅಕ್ಕಾ."

ಪಕ್ಕದಲ್ಲಿದ್ದ ವರನೂ ತನ್ನ ಎಲೆಗೆ ಕೈ ಅಡ್ಡ ಇಟ್ಟ. ಮದುಮಕ್ಕಳು ತುತ್ತೆತ್ತದೆ ಉಳಿದವರು ಉಣ್ಣುವುದಾದರೂ ಹೇಗೆ? ಇಡೀ ಪಂಕ್ತಿ ಕೈಕಟ್ಟಿ ಕೂತಿತು. ಜಗಳೂರಿನ ಬೀಗರೆಲ್ಲ ತಿರುಗಿ ತಿರುಗಿ ಮಾವನನ್ನೇ ನೋಡುತ್ತಿದ್ದರು. ನನ್ನ ಎದೆ ಉಬ್ಬಿ ಬಂತು.

ಮಾವ ಕುಂಟುತ್ತ ಬಂದರು. "ಯಾಕ್ರಪ್ಪಾ, ಆಟ ಯಾಕೆ ನಿಂತೈತೆ?"

ತಂಗಿ ಕೈ ತೆಗೆದು ಎಲೆಯನ್ನು ಒಂಚೂರು ಮುಂದಕ್ಕೆ ಸರಿಸಿದಳು. "ಪಾಸ್ ನಿಂಗೇ ಮಾವ."

ಮಾವ ಎಲೆಯ ಮುಂದೆ ಬಗ್ಗಿದರು. ಹೋಳಿಗೆ ಇಟ್ಟರು. ನನ್ನ ಕೈಯಿಂದ ಗಿಂಡಿ ಇಸಿದುಕೊಂಡರು. ಒಂದು ಹನಿ ಆಚೀಚೆ ಬೀಳಿಸದ ಆ ಕೈಯಿಂದಲೇ ತುಪ್ಪ ಎಲೆ ಬಿಟ್ಟು ತಂಗಿಯ ಧಾರೆಸೀರೆಯ ಮೇಲೆ ಸುರಿಯಿತು. ಯಾರೂ ಫೌಲ್ ಎನ್ನಲಿಲ್ಲ. ಕೇಟರಿಂಗ್ ಎಂದಿದ್ದ ಅಪ್ಪ ಕೂಡ ಶಲ್ಯದಿಂದ ಮುಖ ಒರೆಸಿಕೊಳ್ಳುತ್ತ ನಿಂತಿದ್ದರು.