ಬಾವನ ಕಾರಿನ ಗಡಗಡ

ಬೆಳಗಿನ ಬಸ್ಸು ತಪ್ಪಿದ್ದೇ ಎಲ್ಲಕ್ಕೂ ಮೂಲ. ಬಸ್ಸು ಹಂಪಾಪುರ ಬಿಟ್ಟಾಗ ಮಲ್ಲೇಶ್ ಇನ್ನೂ ಮನೆಯಲ್ಲಿ ಒಂದು ಕಾಲಿನ ಚಪ್ಪಲಿ ಹುಡುಕುತ್ತಿದ್ದ. ಹೆಗ್ಗಡದೇವನಕೋಟೆಯ ಗೊಬ್ಬರದ ಅಂಗಡಿಯಲ್ಲಿ ಅವನಿಗೆ ಕೆಲಸ. ತಡವಾದರೆ ಸಾಹುಕಾರರು ಗಿರಾಕಿಗಳೆದುರೇ ಮಾನ ಕಳೆಯುತ್ತಿದ್ದರು. ಹೊರಗೆ ಬಂದು ನೋಡಿದರೆ ಮನೆ ಮುಂದೆ ಬಾವನ ಕಾರು ಫಳಫಳ ಹೊಳೆಯುತ್ತ ನಿಂತಿತ್ತು.

ಬಾವ ಎಂದರೆ ಹೆಂಡತಿ ಸುಕನ್ಯಳ ಅಣ್ಣ ಬಸವರಾಜು, ಗಾವಡಗೆರೆಯವನು. ಅವನ ಬೀದಿಗೆ ಕಾಂಕ್ರೀಟ್ ಹಾಕುತ್ತಿದ್ದರಿಂದ ಕಾರನ್ನು ತಂದು ತಂಗಿಯ ಮನೆ ಮುಂದೆ ನಿಲ್ಲಿಸಿ ಹೋಗಿದ್ದ. ಕೀ ಕೊಡುವಾಗ, "ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡು, ಆಫ್ ಮಾಡು. ಗೇರ್ ಮೇಲೆ ಕೈ ಇಟ್ಯೋ, ಆಮೇಲೆ ನಾನು ಮನ್ಸ ಆಗಿರಾಕಿಲ್ಲ" ಎಂದಿದ್ದ. ಬಸವರಾಜು ಮನುಷ್ಯನಾಗಿಲ್ಲದಾಗ ಹೇಗಿರುತ್ತಾನೆಂದು ಮಲ್ಲೇಶ್ ತನ್ನ ಮದುವೆಯಲ್ಲೇ ನೋಡಿದ್ದ. ಸಾಂಬಾರು ತೆಳ್ಳಗಾಯಿತೆಂದು ಅಡುಗೆಯವರನ್ನು ಛತ್ರದ ಸುತ್ತ ಓಡಿಸಿದ್ದ.

ಆ ಬಸವರಾಜು ಕಾರು ತೆಗೆದುಕೊಂಡು ಹೋಗಲು ಬರುವುದು ಇವತ್ತೇ ಸಂಜೆ. ಅಷ್ಟರೊಳಗೆ ತಂದು ಅದೇ ಜಾಗದಲ್ಲಿ ನಿಲ್ಲಿಸಿದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಮಲ್ಲೇಶ್ ಗೇರಿನ ಮೇಲೆ ಕೈ ಇಟ್ಟ.

ಊರಾಚೆ ರಸ್ತೆಗೆ ಅಡ್ಡ ಹಾಕಿದ್ದ ಹಂಪು ಅವನಿಗೆ ಕಾಣಿಸಲಿಲ್ಲ. ದಡ್ ಎಂದು ಹಾರಿ ಇಳಿದ ಮರುಕ್ಷಣವೇ ಹಿಂದಿನಿಂದ ಗಡಗಡ ಎಂಬ ಸದ್ದು. ಬ್ರೇಕ್ ಹಾಕಿದರೆ ಗಡಗಡ, ಟಕ್. ಮುಂದೆ ಬಿಟ್ಟರೆ ಮತ್ತೆ ಗಡಗಡ, ಟಕ್. ಮಲ್ಲೇಶನ ಬೆನ್ನು ಬೆವರಿ ಅಂಗಿ ಸೀಟಿಗೆ ಅಂಟಿಕೊಂಡಿತು. ಅಂಗಡಿಗೆ ಫೋನ್ ಮಾಡಿ ಹೊಟ್ಟೆ ಸರಿಯಿಲ್ಲವೆಂದ.

ರಸ್ತೆ ಬದಿಯಲ್ಲಿ ನಿಲ್ಲಿಸಿ ಮೈಸೂರಿನ ಶೋರೂಮಿಗೇ ಫೋನ್ ಹಚ್ಚಿದ. ಕಂಪನಿಯವರು ಮಾಡಿದರೆ ಗುರುತೂ ಉಳಿಯುವುದಿಲ್ಲ ಎಂಬ ಲೆಕ್ಕಾಚಾರ.

"ಗಾಡಿ ನಂಬರ್ ಹೇಳಿ ಸರ್" ಎಂದಳು ಅತ್ತ ಕಡೆಯ ಹುಡುಗಿ. ಹೇಳಿದ. "ಬಸವರಾಜು ಅವರ ಹೆಸರಲ್ಲಿದೆ. ಅವರ ಮೊಬೈಲಿಗೆ ಒಂದು ಓಟಿಪಿ ಹೋಗುತ್ತೆ, ಅದನ್ನ ಹೇಳಿಬಿಡಿ ಸರ್."

"ಕಳಿಸ್ಬೇಡಿ ಮೇಡಂ, ರಾಂಗ್ ನಂಬರ್ ಆಯ್ತು" ಎಂದು ಮಲ್ಲೇಶ್ ಫೋನನ್ನು ಕೆಂಡದ ಹಾಗೆ ಸೀಟಿನ ಮೇಲೆ ಹಾಕಿದ.

ಇನ್ನುಳಿದದ್ದು ಹೆಗ್ಗಡದೇವನಕೋಟೆಯ ಗ್ಯಾರೇಜು. ಅಲ್ಲಿಯ ತನಕ ಎತ್ತಿನ ಗಾಡಿಯವರಿಗೂ ದಾರಿ ಬಿಟ್ಟುಕೊಂಡು ಹೋದ. ಮೆಕ್ಯಾನಿಕ್ ಕೃಷ್ಣಕುಮಾರ್ ಕೈ ಒರೆಸಿಕೊಳ್ಳುತ್ತ ಬಂದವನು ಕಾರಿಗೆ ಒಂದು ಸುತ್ತು ಹಾಕಿ, ಹಿಂದಿನ ಗಾಜಿನ ಮೇಲಿದ್ದ ಹೆಸರು ಓದಿ ಹಲ್ಲು ಬಿಟ್ಟ.

"ಇದು ನಮ್ಮ ಗಾವಡಗೆರೆ ಬಸವರಾಜಣ್ಣನ ಗಾಡಿ ಅಲ್ವಾ? ಏನಾಗದೆ ಅಂತ ಅವ್ರನ್ನೇ ಒಂದ್ಮಾತು ಕೇಳ್ಬುಡ್ತೀನಿ ತಡೀರಿ."

"ಏನೂ ಆಗಿಲ್ಲ ಕಣಪ್ಪ. ಗಾಳಿ ನೋಡ್ಸಾಣ ಅಂತ ಬಂದೆ."

"ಗಾಳಿ ಸರಿಯಾಗೇ ಐತಲ್ಲ."

"ಅಂಗಾರೆ ಬತ್ತೀನಿ" ಎಂದು ಮಲ್ಲೇಶ್ ಅವನು ಫೋನ್ ತೆಗೆಯುವ ಮೊದಲೇ ಗಡಗಡ ಎನ್ನುತ್ತ ಹಂಪಾಪುರದ ದಾರಿ ಹಿಡಿದ.

ಮನೆಯಲ್ಲಿ ಸುಕನ್ಯ ಕಾರು ಕಾಣದೆ ಬಾಗಿಲಲ್ಲೇ ನಿಂತಿದ್ದಳು. ಎದುರು ಮನೆಯ ಚೆಲುವಮ್ಮನೂ ನಿಂತಿದ್ದಳು. ಪಕ್ಕದ ಮನೆಯ ರಘು, ಟ್ರ್ಯಾಕ್ಟರ್ ಓಡಿಸುವವನು, ಸದ್ದು ಕೇಳಿಯೇ ಪಾನಾ ಹಿಡಿದು ಬಂದ.

"ಅಣ್ಣಂಗೆ ಏನಂತ ಹೇಳೋದು ಈಗ?" ಎಂದಳು ಸುಕನ್ಯ.

"ಹೇಳೋದ್ಯಾಕೆ ಅತ್ಗೆ, ನಾವೇ ಬಿಚ್ಚಿ ನೋಡಾಣ" ಎಂದ ರಘು. "ಟ್ರ್ಯಾಕ್ಟರ್ ಬಿಚ್ಚೋನಿಗೆ ಇದೇನು ಮಹಾ."

ರಘು ಮೊದಲು ಡಿಕ್ಕಿ ತೆಗೆದ. ಸ್ಟೆಪ್ನಿಯ ಪಕ್ಕದಲ್ಲಿ ಅರಿಸಿನದ ಬಟ್ಟೆಯ ಗಂಟೊಂದು ಇತ್ತು, ಮೇಲೆ ಕುಂಕುಮ. ಅವನು ಕೈ ಹಿಂದಕ್ಕೆ ತೆಗೆದು ಕಣ್ಣಿಗೆ ಒತ್ತಿಕೊಂಡ. ಚೆಲುವಮ್ಮ ಅಲ್ಲಿಂದಲೇ, "ದೇವ್ರ ಗಂಟು ಕಣ್ರಪ್ಪ, ಯಾರ್ಯಾರೋ ಮುಟ್ಬಾರ್ದು, ಮುಚ್ರಿ" ಎಂದಳು. ಮಲ್ಲೇಶನೂ ಕೈಮುಗಿದು, ಇವತ್ತೊಂದು ದಿನ ಉಳಿಸಪ್ಪ ಎಂದು ಬೇಡಿಕೊಂಡ. ಡಿಕ್ಕಿ ಮುಚ್ಚಿದರು.

ಆಮೇಲೆ ಕಾರಿನ ಹಿಂಭಾಗಕ್ಕೆ ಜಾಕ್ ಕೊಟ್ಟರು. ಮಲ್ಲೇಶ್ ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು ನೋಡಿ ಹೇಳುವುದು, ರಘು ಅದನ್ನು ಕೇಳಿಸಿಕೊಳ್ಳದೆ ಬಿಚ್ಚುವುದು. ಚಕ್ರ ಬಂತು. ಚಕ್ರದ ಒಳಗಿನದೂ ಬಂತು. ಚೆಲುವಮ್ಮ ಕುರ್ಚಿ ತಂದು ಕೂತು, "ಅದ್ಯಾಕೋ ಅಲ್ಲಾಡ್ತದೆ ನೋಡ್ರಪ್ಪ" ಎಂದದ್ದೆಲ್ಲವನ್ನೂ ರಘು ಬಿಚ್ಚಿದ. ಸದ್ದು ಮಾಡುವಂಥದ್ದೇನೂ ಸಿಗಲಿಲ್ಲ.

ಬಿಸಿಲು ಇಳಿಯಿತು. ಗಾಬರಿಯಿಂದ ಎಲ್ಲವನ್ನೂ ತಿರುಗಿ ಕೂಡಿಸಿದರು. ಕಾರು ನೆಲಕ್ಕಿಳಿದಾಗ ಮಲ್ಲೇಶನ ಪಾದದ ಹತ್ತಿರ ಹೆಬ್ಬೆರಳು ಗಾತ್ರದ ಒಂದು ಬೋಲ್ಟು ಮಿಂಚುತ್ತಿತ್ತು.

"ಇದು ಎಲ್ಲೀದ್ಲಾ?"

ರಘು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಒಂದೊಂದ್ಸಲ ಉಳೀತದೆ ಕಣ್ ಬುಡು. ನಮ್ ಟ್ರ್ಯಾಕ್ಟರ್‌ದೂ ಉಳಿದದೆ."

"ಟ್ರ್ಯಾಕ್ಟರ್ ಈಗ ಎಲ್ಲದೆ?"

"ಗದ್ದೇಲಿ ನಿಂತದೆ" ಎಂದು ರಘು ಪಾನಾ ಎತ್ತಿಕೊಂಡು ಮನೆಗೆ ಹೋದ.

ಮತ್ತೆ ಬಿಚ್ಚಿಸಲು ಸಮಯವಿರಲಿಲ್ಲ. ಬೀದಿಯ ತುದಿಯಲ್ಲಿ ಆಟೋ ನಿಂತಿತ್ತು. ಬಸವರಾಜು ಇಳಿದ, ಅವನ ಹಿಂದೆ ರೇಷ್ಮೆ ಸೀರೆ ಉಟ್ಟ ಅವನ ತಾಯಿ ಮರಮ್ಮ. ಮಲ್ಲೇಶ್ ಬೋಲ್ಟನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

ಮರಮ್ಮ ನೀರು ಕೂಡ ಕುಡಿಯದೆ ನೇರವಾಗಿ ಡಿಕ್ಕಿ ತೆಗೆಸಿ, ಅರಿಸಿನದ ಗಂಟನ್ನು ಎತ್ತಿ ಎದೆಗೊತ್ತಿಕೊಂಡಳು. ಒಳಗಿದ್ದ ತೆಂಗಿನಕಾಯಿ ಲೊಳಕ್ ಎಂದಿತು.

"ಅವ್ವನ ಮುಡಿಪು" ಎಂದ ಬಸವರಾಜು. "ಗಾಡಿ ತಂದ ದಿನ ಕಟ್ಟಿ ಇಟ್ಟುದ್ಲು. ವರ್ಸೆಲ್ಲಾ ಗಡಗಡ ಅಂತ ಉಳ್ಳಾಡಿ ನನ್ ತಲೆ ತಿಂದದೆ. ಒಪ್ಪಿಸೋಗಂಟ ಕದಲಿಸ್ಬಾರ್ದು ಅಂತಾಳೆ, ಏನ್ಮಾಡಾದು?"

ಮಲ್ಲೇಶ್ ಕಾರಿಗೆ ಒರಗಿ ನಿಂತ. ಇಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಕಾರಿಗೆ ಏನೂ ಆಗಿರಲಿಲ್ಲ. ಆಮೇಲೆ ತೊಡೆಗೆ ಬೋಲ್ಟು ಒತ್ತಿತು, ಸಂತೋಷ ಅಲ್ಲಿಗೇ ನಿಂತಿತು.

"ಗಾಡಿಗೆ ಒಂದ್ವರ್ಸ ಏನೂ ಆಗ್ದಂಗೆ ಕಾಪಾಡವ್ವ, ಅದೇ ಗಾಡೀಲಿ ಮನೆಮಂದೀನೆಲ್ಲ ಕರ್ಕಬಂದು ಕಾಯಿ ಒಪ್ಪಿಸ್ತೀನಿ ಅಂತ ಬೆಟ್ಟದ ಚಿಕ್ಕದೇವಮ್ಮಂಗೆ ಹರಕೆ ಹೊತ್ಕಂಡಿದ್ದೆ" ಎಂದಳು ಮರಮ್ಮ. "ಇವತ್ಗೆ ವರ್ಸ ತುಂಬ್ತು. ಹತ್ತಿ ಎಲ್ರೂ, ಬೆಟ್ಟಕ್ಕೆ ಹೋಗಿ ಬರಾಣ."

"ಬೆಟ್ಟಕ್ಕಾ ಅತ್ತೆ? ಬಸ್ಸಲ್ಲಿ ಹೋದ್ರೆ ಆಗಲ್ವಾ?" ಎಂದ ಮಲ್ಲೇಶ್.

ಅದಕ್ಕೆ ಯಾರೂ ಕಿವಿಗೊಡಲಿಲ್ಲ. ಸುಕನ್ಯ ಗಂಡನ ಮುಖ ನೋಡಿ, ಅವನನ್ನು ಉಳಿಸಬೇಕೆಂಬ ಪ್ರೀತಿಯಿಂದ, "ಅಣ್ಣಾ, ಇವ್ರು ನಿನ್ ಗಾಡಿನ ಮಗು ನೋಡ್ಕಂಡಂಗೆ ನೋಡ್ಕಂಡವ್ರೆ, ಮುಟ್ಟೇ ಇಲ್ಲ" ಎಂದಳು. ಎದುರು ಮನೆಯಿಂದ ಚೆಲುವಮ್ಮ ಹೂಂಗುಟ್ಟಿದಳು.

ಬಸವರಾಜು ಮಲ್ಲೇಶನ ಹೆಗಲ ಮೇಲೆ ಕೈ ಇಟ್ಟ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನ ಕಣ್ಣಲ್ಲಿ ಮಮತೆ ಕಂಡಿತು. "ನಿನ್ ಮೇಲೆ ನಂಗೆ ನಂಬ್ಕೆ ಇರ್ನಿಲ್ಲ ಮಲ್ಲೇಶ, ತಪ್ಪು ತಿಳ್ಕಬೇಡ. ಗಾಡಿ ಯಜಮಾನ ಮುಡಿಪು ಮಡ್ಲಲ್ಲಿ ಇಟ್ಕಂಡು ಕೂರ್ಬೇಕಂತೆ. ತಕೋ ಕೀ. ನೀನೇ ಓಡ್ಸು."

ಮಲ್ಲೇಶ್ ಬಾಯಿ ತೆರೆದ. ಛತ್ರದ ಸುತ್ತ ಓಡಿದ ಅಡುಗೆಯವರು ಕಣ್ಮುಂದೆ ಬಂದರು. ಬಾಯಿ ಮುಚ್ಚಿ ಸ್ಟೀರಿಂಗ್ ಹಿಂದೆ ಕೂತ. ಪಕ್ಕದಲ್ಲಿ ಬಸವರಾಜು ಮುಡಿಪು ಹಿಡಿದು ಕೂತ. ಹಿಂದೆ ಸುಕನ್ಯ, ಮರಮ್ಮ.

"ನಿಧಾನಕ್ಕೆ ಓಡ್ಸಿ ಅಳೀಮಯ್ಯ, ಭಯ ಬ್ಯಾಡ" ಎಂದಳು ಮರಮ್ಮ. "ಅವ್ವ ಅವ್ಳೆ."

ಕಾರು ಬೀದಿ ದಾಟಿತು. ಗಡಗಡ ಇರಲಿಲ್ಲ. ಊರಾಚೆಯ ಹಂಪನ್ನು ಮಲ್ಲೇಶ್ ಈ ಸಲ ಇರುವೆ ದಾಟುವ ಹಾಗೆ ದಾಟಿಸಿದ. ಆಗ ಹಿಂದಿನ ಚಕ್ರದ ಕಡೆಯಿಂದ ಟಿಣ್ ಎಂದಿತು. ಸ್ವಲ್ಪ ಮುಂದೆ ಹೋದ ಮೇಲೆ ಮತ್ತೆ ಟಿಣ್.

ಬಸವರಾಜು ಮಡಿಲಿನ ಕಾಯಿಯನ್ನು ಒಮ್ಮೆ ನೋಡಿದ. ಆಮೇಲೆ ನಿಧಾನವಾಗಿ ತಲೆ ತಿರುಗಿಸಿ ಮಲ್ಲೇಶನನ್ನು ನೋಡಿದ.

"ಈ ಸದ್ದು ಇರ್ನಿಲ್ವಲ್ಲ" ಎಂದ.